ಜೂನ್ ಒಂದರಂದು ಕೆಂಪಾದ ಟೆಸ್ಟ್

ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಅಪ್ಪನ ಹುಟ್ಟುಹಬ್ಬವಂತೂ ಬರೀ ತಮಾಷೆಯ ಮಾತು. ದಾಖಲೆಯ ಪ್ರಕಾರ ಅವರು ಹುಟ್ಟಿದ್ದು ಜೂನ್ ಒಂದರಂದು. ಬೀದರ್ ಜಿಲ್ಲೆಯ ಅವರ ಹಳ್ಳಿಯ ಶಾಲೆಯಲ್ಲಿ ಆ ಕಾಲದ ಮಕ್ಕಳೆಲ್ಲ ಹೆಚ್ಚುಕಡಿಮೆ ಅದೇ ದಿನ ಹುಟ್ಟಿದವರು. ಹೆಸರು ಹಚ್ಚಲು ಕರೆತಂದ ಮಗುವಿನ ತಾರೀಖು ಮನೆಯವರಿಗೆ ಗೊತ್ತಿಲ್ಲದಿದ್ದರೆ, ಮಾಸ್ತರರು ಶಾಲೆ ಶುರುವಾಗುವ ತಿಂಗಳ ಮೊದಲ ದಿನವನ್ನು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಅಪ್ಪನಿಗೆ ಮಾಸ್ತರರು ಇನ್ನೂ ಒಂದು ಉಪಕಾರ ಮಾಡಿದ್ದರು. ದೊಡ್ಡಪ್ಪ ಒಬ್ಬನೇ ಹಳ್ಳ ದಾಟಿ ಶಾಲೆಗೆ ಹೋಗಲು ಹೆದರುತ್ತಾನೆಂದು ಅಜ್ಜ ಅವನಿಗಿಂತ ಎರಡು ವರ್ಷ ಚಿಕ್ಕವನಾದ ಅಪ್ಪನನ್ನೂ ಜೊತೆಗೆ ಅಟ್ಟಿದ್ದ. ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸಬೇಕಲ್ಲ, ಅದಕ್ಕೆ ಅಪ್ಪನ ವಯಸ್ಸಿಗೆ ಎರಡು ವರ್ಷ ಸೇರಿ ಇಬ್ಬರಿಗೂ ಒಂದೇ ತಾರೀಖು ಬಿತ್ತು. ಹೀಗೆ ಸರಕಾರದ ಕಣ್ಣಲ್ಲಿ ನಮ್ಮಪ್ಪ ಮತ್ತು ದೊಡ್ಡಪ್ಪ ಅವಳಿ ಜವಳಿ. ಅಜ್ಜಿ ಮಾತ್ರ ಸಾಯುವವರೆಗೂ ಒಪ್ಪಲಿಲ್ಲ. ‘ನಾಗರ ಪಂಚಮಿ ಆಗಿತ್ತು, ಜೋಕಾಲಿ ಇನ್ನಾ ಗಿಡದಾಗೇ ಇತ್ತು, ಆವಾಗ ಹುಟ್ಟಿದಾಂವ ಇಂವಾ’ ಎನ್ನುತ್ತಿದ್ದಳು. ಇದೆಲ್ಲ ನಮಗೆ ಬಹಳ ವರ್ಷ ನಗುವ ವಿಷಯವಾಗಿತ್ತು.

ಅಪ್ಪ ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದರೆ ಠಸ್ಸೆ (ನಮ್ಮ ಮನೆಮಾತಿನಲ್ಲಿ ಶಿಕ್ಕಾ) ಹಾಕುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು. ಆ ಕೆಲಸ ಮಾಡಿ ಮಾಡಿ ಮನೆಯಲ್ಲೂ ಅವರು ತಪಾಸಣೆ ವಿಭಾಗವೇ ಆಗಿಬಿಟ್ಟಿದ್ದರು. ಅವ್ವನ ರೊಟ್ಟಿಯ ಅಂಚು, ನನ್ನ ಲೆಕ್ಕದ ಉತ್ತರ, ಬಾಗಿಲಿನ ತಿರುಗಣಿ, ಯಾವುದೂ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವ್ವ ಸಿಟ್ಟು ಬಂದಾಗ, ‘ನನಗೂ ಒಂದು ಶಿಕ್ಕಾ ಹೊಡದಬಿಡ್ರಿ, ಆಗಿಹೋಗ್ಲಿ’ ಎನ್ನುತ್ತಿದ್ದಳು.

ನಿವೃತ್ತಿಯ ದಿನ ಜೊತೆಯವರು ಅವರಿಗೊಂದು ಸವೆದುಹೋದ ಗೇಜನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಿದ್ದರು. ಅಂಗೈ ಉದ್ದದ ಉಕ್ಕಿನ ಸರಳು. ಕೊರೆದ ತೂತು ಸರಿಯಾಗಿದೆಯೇ ಎಂದು ನೋಡುವ ಸಾಧನ ಅದು. ಒಂದು ತುದಿ ‘ಗೋ’, ಇನ್ನೊಂದು ‘ನೋ ಗೋ’. ಮೊದಲನೆಯದು ತೂತಿನೊಳಗೆ ಸಲೀಸಾಗಿ ಹೋಗಬೇಕು. ಎರಡನೆಯದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ, ಅದು ಹೋಗಕೂಡದು. ಎರಡೂ ಆದರೆ ಮಾತ್ರ ಠಸ್ಸೆ. ಮನೆಗೆ ಯಾರೇ ಬರಲಿ, ಚಹಾ ಬರುವ ಮೊದಲು ಅಪ್ಪ ಇದನ್ನು ವಿವರಿಸಿ ಮುಗಿಸಿರುತ್ತಿದ್ದರು.

ನಿವೃತ್ತಿಯಾದ ಎರಡನೆಯ ವರ್ಷ ಅವರ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ನಾಸಿಕದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನನ್ನ ರಕ್ತದ ಗುಂಪು ಬೇರೆ, ಅವ್ವನಿಗೆ ಸಕ್ಕರೆ ಕಾಯಿಲೆ, ಮನೆಗೆ ನಾನೊಬ್ಬಳೇ ಮಗಳು. ಆದ್ದರಿಂದ ಮೃತ ದಾನಿಯ ಮೂತ್ರಪಿಂಡಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಹಚ್ಚಿದೆವು. ಆ ಪಟ್ಟಿಗೆ ಆಸ್ಪತ್ರೆಯವರದೊಂದು ನಿಯಮವಿತ್ತು: ಅರವತ್ತೈದು ತುಂಬಿದ ದಿನ ಹೆಸರು ತಾನಾಗಿಯೇ ಇಳಿಯುತ್ತದೆ. ಅಂದರೆ ಫೋನು ಬರುವುದಿದ್ದರೆ ಅಪ್ಪನ ಅರವತ್ತೈದನೆಯ ಜೂನ್ ಒಂದರೊಳಗೆ ಬರಬೇಕಿತ್ತು. ಮಾಸ್ತರರ ಉಪಕಾರ ಆಗ ನಮಗೆ ನೆನಪಾಯಿತು. ಆಮೇಲೆ ಆ ವಿಷಯಕ್ಕೆ ಮನೆಯಲ್ಲಿ ಯಾರೂ ನಗಲಿಲ್ಲ.

ನಾನಾಗ ಇದ್ದದ್ದು ಔರಂಗಾಬಾದಿನಲ್ಲಿ. ಈಗ ಅದು ಛತ್ರಪತಿ ಸಂಭಾಜಿನಗರ. ಚಿಕಲಠಾಣಾದ ಕೈಗಾರಿಕಾ ವಸಾಹತಿನಲ್ಲಿ, ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಪಕ್ಕದ ಮಹಡಿಯ ಮೇಲೆ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಹಗಲೆಲ್ಲ ಕೆಳಗಿನಿಂದ ಪ್ರೆಸ್ಸಿನ ಧಡಲ್ ಧಡಲ್ ಸದ್ದು, ಆಗೊಮ್ಮೆ ಈಗೊಮ್ಮೆ ತಲೆಯ ಮೇಲೆ ವಿಮಾನ. ನನ್ನ ಕೆಲಸ ಟೆಸ್ಟ್ ಬರೆಯುವುದು. ನಾವು ಮಾಡಿದ ವೆಬ್‌ಸೈಟನ್ನು ಮನುಷ್ಯರ ಬದಲು ಒಂದು ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ತೆರೆಯುತ್ತದೆ. ಬ್ರೌಸರು ತಾನಾಗಿ ಬಿಚ್ಚಿಕೊಳ್ಳುತ್ತದೆ, ಯಾರೂ ಕೈಯಿಡದೆ ಖಾನೆಗಳು ತುಂಬುತ್ತವೆ, ಗುಂಡಿ ಒತ್ತಿಸಿಕೊಳ್ಳುತ್ತದೆ. ಬರಬೇಕಾದ ಉತ್ತರ ಬಂದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು.

ಅಪ್ಪ ಹೋಗುತ್ತಿದ್ದ ಆಸ್ಪತ್ರೆಯೇ ತನ್ನ ಆ ಕಾಯುವ ಪಟ್ಟಿಯ ವೆಬ್‌ಸೈಟ್ ಕೆಲಸವನ್ನು ನಮ್ಮ ಕಂಪನಿಗೆ ಕೊಟ್ಟಿತು. ರೋಗದ ಗಂಧಗಾಳಿ ಇದ್ದವಳು ನಾನೊಬ್ಬಳೇ ಎಂದು ಟೆಸ್ಟುಗಳೆಲ್ಲ ನನ್ನ ತಲೆಗೆ ಬಂದವು. ಟೆಸ್ಟಿನಲ್ಲಿ ಬ್ರೌಸರಿಗೆ ಆಸ್ಪತ್ರೆಯ ನಿಜವಾದ ರೋಗಿಗಳನ್ನು ತೋರಿಸುವಂತಿಲ್ಲ. ಆದ್ದರಿಂದ ಒಂದು ಚಿಕ್ಕ ಫೈಲಿನಲ್ಲಿ ಸುಳ್ಳು ರೋಗಿಯೊಬ್ಬನ ಹುಟ್ಟಿದ ತಾರೀಖು, ರಕ್ತದ ಗುಂಪು, ಡಯಾಲಿಸಿಸ್ ದಿನಗಳನ್ನು ಬರೆದಿಡುತ್ತೇವೆ. ಟೆಸ್ಟ್ ಶುರುವಾದ ಕೂಡಲೇ ಆ ಫೈಲು ಲೋಡ್ ಆಗುತ್ತದೆ. ಪುಟವು ಆಸ್ಪತ್ರೆಯನ್ನು ಕೇಳಿದಾಗ, ಆಸ್ಪತ್ರೆಗೆ ಮುಟ್ಟುವ ಮೊದಲೇ ಆ ಪ್ರಶ್ನೆಯನ್ನು ಹಿಡಿದು, ಈ ಫೈಲನ್ನೇ ಉತ್ತರವಾಗಿ ಅದರ ಕೈಗಿಡುತ್ತೇವೆ. ಪುಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಒಂದು ಶನಿವಾರ ನಾಸಿಕದ ಮನೆಯಲ್ಲಿ ಅಪ್ಪ ಇದನ್ನೆಲ್ಲ ಕೂತು ಕೇಳಿದರು. ತಪಾಸಣೆಯ ವಿಷಯವಲ್ಲವೇ, ಮುಖಕ್ಕೆ ಸ್ವಲ್ಪ ಕಳೆ ಬಂತು.

‘ಆ ಫೈಲ್ನ್ಯಾಗ ಯಾರಿಗಿ ಹಾಕಿದಿ?’

‘ಯಾರೂ ಇಲ್ರೀ ಅಪ್ಪಾ. ಎಬಿಸಿ ಅಂತ ಹೆಸರು, ಒಂದ್ ಒಂದ್ ಒಂದ್ ಅಂತ ನಂಬರ್.’

‘ಎಬಿಸಿ ಅನ್ನಾಂವನ ಕಿಡ್ನಿ ಹೋಗ್ತಾವೇನವ್ವಾ? ಖರೇ ಮನುಷಾನ್ನ ಹಾಕಬೇಕು. ನನಗ ಹಾಕು.’

ಅವ್ವ ಒಳಗಿನಿಂದಲೇ, ‘ಏನ್ ಹುಚ್ಚರಿ ನೀವು! ಬ್ಯಾನಿನೂ ಹಂಚಲತ್ತೀರೇನು?’ ಎಂದು ರೇಗಿದಳು. ಅಪ್ಪ ಜಗ್ಗಲಿಲ್ಲ. ನಿಜದ ಹೆಸರು ಹಾಕುವಂತಿಲ್ಲ ಎಂದು ಹೇಳಿದೆ. ಹೆಸರು ಯಾವುದಾದರೂ ಇರಲಿ, ಅಳತೆ ನನ್ನದು ಹಾಕು ಎಂದರು. ಸೋಮವಾರ ಆಫೀಸಿಗೆ ಹೋಗಿ ಹಾಗೇ ಮಾಡಿದೆ. ಹೆಸರು ಕಟ್ಟುಕತೆ, ತಾರೀಖು, ರಕ್ತ, ವಾರದ ಮೂರು ದಿನ ಎಲ್ಲ ಅಪ್ಪನದು. ಅವರಿಗೆ ಅರವತ್ತೈದು ತುಂಬಲು ಇನ್ನೂ ಒಂದು ವರ್ಷದ ಮೇಲಿತ್ತು. ಟೆಸ್ಟ್ ಓಡಿತು. ಪುಟ ಫೈಲನ್ನು ಓದಿತು, ವಯಸ್ಸು ಲೆಕ್ಕ ಹಾಕಿತು, ‘ಪಟ್ಟಿಗೆ ಅರ್ಹರು’ ಎಂದು ತೋರಿಸಿತು. ಹಸಿರು.

ಅಂದಿನಿಂದ ಅಪ್ಪನಿಗೆ ಅದೊಂದು ಚಟವಾಯಿತು. ಡಯಾಲಿಸಿಸ್ ಮುಗಿಸಿ ಮನೆಗೆ ಬಂದು, ಡಾಕ್ಟರು ನೀರಿಗೆ ಮಿತಿ ಹಾಕಿದ್ದರಿಂದ ಬಾಟಲಿಯ ಮುಚ್ಚಳದಲ್ಲಿ ಅಳೆದಷ್ಟೇ ಕುಡಿದು, ಸಂಜೆ ನನಗೆ ಫೋನ್ ಮಾಡುತ್ತಿದ್ದರು.

‘ಏನವ್ವಾ, ಇವತ್ತು ನಾ ಪಾಸ್ ಆದ್ನೇನು?’

‘ಪಾಸ್ ರೀ ಅಪ್ಪಾ.’

‘ಹಾಂ. ಚಲೋ ಆತು.’

ಮೈಯಲ್ಲಿ ಮಾತಾಡುವಷ್ಟೂ ಕಸುವು ಇಲ್ಲದ ದಿನಗಳಲ್ಲೂ ಈ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. ಅವರನ್ನು ನೋಡಿ ಮರುಗುವುದು ಬಿಟ್ಟು ನಾನು ಅವರಿಗೆ ಕೊಡಬಹುದಾದ ಒಳ್ಳೆಯ ಸುದ್ದಿ ಅದೊಂದೇ ಆಗಿತ್ತು.

ಮುಂದಿನ ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ಭಯ ಹತ್ತಿತು. ರಜೆ ಹಾಕಿ ಬೀದರಿಗೆ ಹೋಗಿ ದೊಡ್ಡಪ್ಪನನ್ನು ಕಂಡೆ. ತಾನು ಅಣ್ಣ, ಅವನು ತಮ್ಮ, ನಡುವೆ ಎರಡು ವರ್ಷ ಎಂದು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆಂದ. ವಕೀಲರೊಬ್ಬರು, ಪ್ರಮಾಣಪತ್ರ ಮಾಡಿಸಿದರೆ ತಾರೀಖು ತಿದ್ದಿಸಲು ಅರ್ಜಿ ಹಾಕಬಹುದು, ಆಗುತ್ತದೆಂದು ಹೇಳಲಾರೆ, ಆದರೆ ಹಾಕಬಹುದು ಎಂದರು. ಅಷ್ಟು ಆಸೆಯೇ ನನಗೆ ಸಾಕಾಗಿತ್ತು. ಅಲ್ಲಿಂದ ನೇರವಾಗಿ ನಾಸಿಕಕ್ಕೆ ಹೋಗಿ, ಸಹಿ ಮಾಡಿರೆಂದು ಅಪ್ಪನ ಮುಂದೆ ಕೂತೆ.

ಅಪ್ಪ ಮಾಡಲಿಲ್ಲ.

‘ಆ ತಾರೀಖಿನ ಮ್ಯಾಲೆ ನೌಕರಿ ಹಿಡದೀನಿ. ಆ ತಾರೀಖಿನ ಮ್ಯಾಲೆ ರಿಟೈರ್ ಆಗೀನಿ. ಈಗ ಕಿಡ್ನಿ ಬೇಕಂತ ಬ್ಯಾರೆ ತಾರೀಖ ತರ್ಲೇನು?’

‘ಅದೇನ್ ಸುಳ್ಳ ತಾರೀಖೇನ್ರಿ ಅಪ್ಪಾ? ಖರೇದು ಅದೇ ಅಲ್ಲ? ಸುಳ್ಳ ಬರದಾಂವ ಮಾಸ್ತರ!’

‘ಖರೇದು ಯಾವದು? ಜೋಕಾಲಿ ಗಿಡದಾಗಿತ್ತು ಅಂತ ಬರಿಲೇನು ಅರ್ಜ್ಯಾಗ? ಒಮ್ಮೆ ಶಿಕ್ಕಾ ಬಿದ್ದ ಮ್ಯಾಲೆ ತಿದ್ದಬಾರ್ದವ್ವಾ. ತಿದ್ದಿದ ಮಾಲಿಗಿ ನಾ ಒಂದಿನಾನೂ ಪಾಸ್ ಮಾಡಿಲ್ಲ. ನನ್ನ ಹಿಂದ ಲೈನ್ಯಾಗ ನಿಂತವ್ರು ಏನಂತಾರ?’

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀವೇನು ವಿಮಾನದ ಬಿಡಿಭಾಗವೇ ಎಂದು ಕೂಗಾಡಿದೆ. ಅವ್ವ ಅತ್ತಳು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಂಥ ಹಟಮಾರಿ ಮನುಷ್ಯನನ್ನು ಅದಕ್ಕೆ ಮೊದಲೂ ಆಮೇಲೂ ನಾನು ಕಂಡಿಲ್ಲ. ಇಂದಿಗೂ ಅದನ್ನು ನೆನೆದರೆ ಗೌರವಕ್ಕಿಂತ ಮೊದಲು ಸಿಟ್ಟೇ ಬರುತ್ತದೆ.

ಮೇ ತಿಂಗಳು ಬಂತು. ನಾಸಿಕದಲ್ಲಿ ಆ ಸಲ ಬಿಸಿಲು ಹೆಚ್ಚು, ಅಪ್ಪನಿಗೆ ನೀರಡಿಕೆಯ ಹಿಂಸೆ. ಮನೆಯ ಫೋನನ್ನು ಅವ್ವ ಅಡುಗೆಮನೆಗೆ ಹೋದರೂ ಜೊತೆಗೆ ಒಯ್ಯುತ್ತಿದ್ದಳು. ನಾನಂತೂ ಚಿಕಲಠಾಣಾದಲ್ಲಿ ಕೂತು, ಫೋನು ಮೇಜಿನ ಮೇಲೆ ಗುರ್ ಎಂದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ. ಯಾರಾದರೂ ಸತ್ತರೆ ನಮಗೆ ಫೋನು ಬರುತ್ತದೆ ಎಂಬುದನ್ನು ಮೂವರೂ ಯೋಚಿಸದೆ ಇರುತ್ತಿದ್ದೆವು. ಯೋಚಿಸಿದಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಒಮ್ಮೆ ಬಂತು. ತಿಂಗಳ ನಡುವಿನ ಒಂದು ಬೆಳಿಗ್ಗೆ. ಮೂತ್ರಪಿಂಡ ಬಂದಿದೆ, ನೀವು ಎರಡನೆಯವರು, ಮೊದಲನೆಯವರಿಗೆ ಏನಾದರೂ ಅಡ್ಡಿ ಬಂದರೆ ನಿಮಗೆ, ಏನೂ ತಿನ್ನದೆ ಹೊರಟು ಬನ್ನಿ ಎಂದರು. ನಾನು ಇದ್ದ ಬಟ್ಟೆಯಲ್ಲೇ ಸ್ಟೇಷನ್ನಿಗೆ ಓಡಿದೆ. ರೈಲು ದೌಲತಾಬಾದ್ ದಾಟುವಾಗ ಎಂದೂ ಕೈಮುಗಿಯದವಳು ಕೋಟೆಯ ಗುಡ್ಡಕ್ಕೂ ಕೈಮುಗಿದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಎದುರಿನ ಬೆಂಚಿನಲ್ಲಿ ಮೊದಲನೆಯವನು. ಮೂವತ್ತರ ಆಸುಪಾಸಿನ ಹುಡುಗ, ಪಕ್ಕದಲ್ಲಿ ಅವನ ಹೆಂಡತಿ. ಅವರ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ, ಯಾಕೆಂದರೆ ಅವನಿಗೊಂದು ನೆಗಡಿಯಾದರೂ ಬರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ನೆಗಡಿ ಬರಲಿಲ್ಲ. ಅವನನ್ನು ಒಳಗೆ ಕರೆದರು. ಅಪ್ಪ ಎದ್ದು ಹೋಗಿ ಅವನ ಭುಜ ತಟ್ಟಿ, ಮರಾಠಿಯಲ್ಲಿ ಏನೋ ಹೇಳಿ ಬಂದರು. ಆಟೋ ಹತ್ತಿ ವಾಪಸ್ ಹೊರಟೆವು. ಮನೆ ಹತ್ತಿರ ಬಂದಾಗ ಅಪ್ಪ, ‘ಹಸಿವಿ ಆಗ್ಯದ, ಏನರ ಮಾಡು’ ಎಂದರು. ಅವ್ವ ಬಿಸಿ ರೊಟ್ಟಿ ಬಡಿದಳು. ಅವರು ಅರ್ಧ ತಿಂದು ಬಿಟ್ಟರು.

ಅದಾದ ಮೇಲೆ ಫೋನು ಬರಲಿಲ್ಲ.

ಜೂನ್ ಒಂದರ ಬೆಳಿಗ್ಗೆ ನಾನು ಆಫೀಸಿಗೆ ಹೋದಾಗ ನಮ್ಮ ತಂಡದ ಮುಖ್ಯಸ್ಥರು ನನ್ನ ಕುರ್ಚಿಯ ಹತ್ತಿರವೇ ನಿಂತಿದ್ದರು. ಜಾಲ್ನಾ ಕಡೆಯ ಮರಾಠಿ ಮನುಷ್ಯ, ಒಳ್ಳೆಯವರೇ, ಫೈಲಿನಲ್ಲಿರುವುದು ನಮ್ಮಪ್ಪನ ತಾರೀಖೆಂದು ಅವರಿಗೆ ಗೊತ್ತಿರಲಿಲ್ಲ. ನಿನ್ನೆಯವರೆಗೆ ಹಸಿರಿದ್ದ ಟೆಸ್ಟ್ ಇವತ್ತು ಕೆಂಪಾಗಿದೆ, ನೋಡು ಎಂದರು. ನೋಡಿದೆ. ‘ಪಟ್ಟಿಗೆ ಅರ್ಹರು’ ಎಂದು ಬರಬೇಕಾದಲ್ಲಿ ‘ಪಟ್ಟಿಗೆ ಅರ್ಹರಲ್ಲ: ವಯೋಮಿತಿ ಮೀರಿದೆ’ ಎಂದು ಬಂದಿತ್ತು.

ತಿಂಗಳಿಡೀ ಆ ತಾರೀಖನ್ನೇ ಜಪಿಸಿದವಳಿಗೆ, ಅದು ಫೈಲಿನೊಳಗೂ ಕಾದು ಕೂತಿದೆ ಎಂಬುದು ಹೊಳೆದೇ ಇರಲಿಲ್ಲ. ಫೈಲಿನಲ್ಲಿದ್ದ ಹುಟ್ಟಿದ ದಿನ ಅಲ್ಲೇ ಇತ್ತು. ಬ್ರೌಸರಿನ ಗಡಿಯಾರ ಮಾತ್ರ ದಿನಕ್ಕೊಂದು ದಿನ ನಡೆದು ಅರವತ್ತೈದಕ್ಕೆ ಬಂದು ಮುಟ್ಟಿತ್ತು. ಆಸ್ಪತ್ರೆಯಲ್ಲಿ ಅಪ್ಪನ ಹೆಸರು ಇಳಿದ ದಿನವೇ ಇಲ್ಲಿಯೂ ಇಳಿದಿತ್ತು. ನಮ್ಮ ಪುಟ ತಾನು ಮಾಡಬೇಕಾದ್ದನ್ನೇ ಮಾಡಿತ್ತು.

ಮುಖ್ಯಸ್ಥರು ತಾರೀಖನ್ನು ನೋಡಿ ನಕ್ಕರು. ‘ಏಕ ಜೂನ್! ಮಾಸ್ತರಾಂಚಾ ವಾಢದಿವಸ!’ ಮಾಸ್ತರರು ಕೊಟ್ಟ ಹುಟ್ಟುಹಬ್ಬ. ಅವರ ಅಪ್ಪನದೂ ಅಂದೇ ಅಂತೆ; ಅರ್ಧ ಮರಾಠವಾಡ ಇವತ್ತೇ ಹುಟ್ಟಿದ್ದು ಎಂದರು. ಆಮೇಲೆ, ‘ಡೇಟಾ ಜುನಾ ಝಾಲಾ. ತಾರೀಖ ದಹಾ ವರ್ಷ ಪುಢೆ ಢಕಲ್, ಬಸ್’ ಎಂದು ಚಹಾಕ್ಕೆ ಹೋದರು. ಡೇಟಾ ಹಳೆಯದಾಗಿದೆ, ಹತ್ತು ವರ್ಷ ಮುಂದೆ ತಳ್ಳು, ಮುಗಿಯಿತು.

ತಳ್ಳಬಹುದಿತ್ತು. ಯಾವ ದೊಡ್ಡಪ್ಪನ ಸಾಕ್ಷಿಯೂ ಬೇಡ, ವಕೀಲನೂ ಬೇಡ. ಕೀಲಿಮಣೆಯ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತೆ. ಆ ತಾರೀಖನ್ನು ಮುಟ್ಟಲು ಕೈ ಬರಲಿಲ್ಲ. ತಿದ್ದಿದ ಮಾಲು ಎನ್ನುವ ಮಾತು ಕಿವಿಯಲ್ಲಿತ್ತು.

ಇನ್ನೊಂದು ದಾರಿ ಇದೆ. ಪುಟ ತೆರೆಯುವ ಮೊದಲೇ ಬ್ರೌಸರಿನ ಗಡಿಯಾರವನ್ನು ನಮಗೆ ಬೇಕಾದ ದಿನಕ್ಕೆ ನಿಲ್ಲಿಸಿಬಿಡುವುದು. ಒಂದೇ ಸಾಲು. ಅದನ್ನು ಬರೆದೆ. ಫೈಲು ಲೋಡ್ ಆಗುವಾಗ ಬ್ರೌಸರಿನ ಪಾಲಿಗೆ ಇನ್ನೂ ಮೇ ಮೂವತ್ತೊಂದು. ಅಪ್ಪ ಇನ್ನೂ ಅರವತ್ತನಾಲ್ಕು. ಟೆಸ್ಟ್ ಓಡಿಸಿದೆ. ಹಸಿರು ಬಂತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಫೋನು ಬಂತು. ಅವತ್ತು ಬರಲಾರದು ಎಂದುಕೊಂಡಿದ್ದೆ.

‘ಏನವ್ವಾ, ಇವತ್ತು ನಾ ಪಾಸ್ ಆದ್ನೇನು?’

‘ಪಾಸ್ ರೀ ಅಪ್ಪಾ.’

‘ಹೆಂಗ? ಇವತ್ತ ಒಂದನೇ ತಾರೀಖ ಅಲ್ಲೇನು? ತಾರೀಖ ತಿದ್ದಿದೇನು?’

‘ಇಲ್ರಿ. ನಿಮ್ಮ ತಾರೀಖ ಮುಟ್ಟಿಲ್ಲ. ಗಡಿಯಾರ ನಿಂದ್ರಿಸೀನಿ.’ ಹೇಗೆಂದು ವಿವರಿಸಿದೆ.

ಅಪ್ಪ ಬೈಯಲಿಲ್ಲ. ‘ಇರ್ಲಿ ಬಿಡು. ಆ ಫೈಲ್ನ್ಯಾಗಿನಾಂವಾದ್ರೂ ಇರ್ಲಿ ಪಟ್ಟಿ ಒಳಗ’ ಎಂದರು. ಫೋನಿಟ್ಟರು ಎಂದುಕೊಂಡೆ, ಇಟ್ಟಿರಲಿಲ್ಲ. ಉಸಿರು ಕೇಳುತ್ತಿತ್ತು. ಆಮೇಲೆ ಅವರ ಆ ಹಳೆಯ ದನಿ ಬಂತು, ಅವ್ವನ ರೊಟ್ಟಿಯ ಅಂಚು ನೋಡುವಾಗಿನ ದನಿ.

‘ಆದ್ರ ಇದು ಬರೀ ಗೋ ಆತಲ್ಲವ್ವಾ. ನೋ ಗೋ ಎಲ್ಲಿ?’

ಅಪ್ಪನೇ ಬಿಡಿಸಿ ಹೇಳಿದರು.

‘ಒಳಗ ಹೋಗೋನು ಹೋದ. ಹೋಗಬಾರದಾಂವ ನಿಂತಾನೋ ಇಲ್ಲೋ, ಅದು ನೋಡೋರು ಯಾರು? ಇನ್ನೊಂದು ಫೈಲ್ ಮಾಡು. ಅದರಾಗೂ ನನಗೇ ಹಾಕು. ಗಡಿಯಾರ ಇವತ್ತಿಗಿ ಇಡು.’

‘ಅಪ್ಪಾ, ಬ್ಯಾಡ್ರಿ.’

‘ಮಾಡವ್ವಾ. ನಾಳಿಗಿ ಮತ್ತ ಕೇಳ್ತೀನಿ.’

ಮರುದಿನ ಮಾಡಿದೆ. ಅದೇ ತಾರೀಖು, ಅದೇ ರಕ್ತ, ಅದೇ ಮೂರು ದಿನ. ಗಡಿಯಾರ ಜೂನ್ ಒಂದಕ್ಕೆ. ಬರಬೇಕಾದ ಉತ್ತರ ಎಂಬ ಕಡೆ ‘ಪಟ್ಟಿಗೆ ಅರ್ಹರಲ್ಲ’ ಎಂದು ನನ್ನ ಕೈಯಿಂದಲೇ ಬರೆದೆ. ಈ ಟೆಸ್ಟ್ ಹಸಿರಾಗುವುದು ಅಪ್ಪನನ್ನು ಹೊರಗೆ ಕಳಿಸಿದರೆ ಮಾತ್ರ. ಓಡಿಸಿದೆ. ಬ್ರೌಸರು ಎರಡು ಸಲ ತೆರೆದು ಮುಚ್ಚಿತು. ಕೆಳಗೆ ಪ್ರೆಸ್ಸು ಧಡಲ್ ಧಡಲ್ ಎನ್ನುತ್ತಿತ್ತು. ಮುಖ್ಯಸ್ಥರು ಹಿಂದಿನಿಂದ ನೋಡಿ, ಎರಡೂ ಕಡೆ ನೋಡಿದ್ದು ಒಳ್ಳೆಯದಾಯಿತು ಎಂದು ಹೊಗಳಿದರು.

ಸಂಜೆ ಅಪ್ಪ ಹೇಳಿದಂತೆಯೇ ಫೋನ್ ಮಾಡಿದರು. ಅವತ್ತು ಡಯಾಲಿಸಿಸ್ ಆಗಿತ್ತು, ದನಿ ಸೋತಿತ್ತು.

‘ಮೊದಲನೇದಾಂವ?’

‘ಪಾಸ್ ರಿ.’

‘ಎರಡನೇದಾಂವ?’

‘ಅವ್ರೂ ಪಾಸ್ ರೀ ಅಪ್ಪಾ.’

‘ಅಂದ್ರ ಹೊರಗ ಹೋದ.’

‘ಹೌದ್ರಿ.’

‘ಹಾಂ. ಕರೆಕ್ಟ್ ಅದ’ ಎಂದರು ಅಪ್ಪ. ಆಮೇಲೆ ಫೋನನ್ನು ಬದಿಗಿಟ್ಟು, ಒಂದು ಮುಚ್ಚಳ ನೀರು ಕೊಡು ಎಂದು ಅವ್ವನನ್ನು ಕೇಳಿದ್ದು ನನಗೆ ಕೇಳಿಸಿತು.